ಐದು ವರ್ಷದ ಮಗನಿಗೆ ಹಲ್ಲಿನ ಸೆಟ್ಟು ಈಗಲೇ ಹಾಕಿಸಬಹುದೇ? ಹಾಸನ, ಚಿಕ್ಕಮಗಳೂರು ಕಡೆಯವರು ತಿಳಿಸಿ

ಸಕಲೇಶಪುರದ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಐದು ತುಂಬಿದೆ. ಬಾಯಲ್ಲಿ ಇರುವುದು ಮೂರೇ ಹಲ್ಲು, ಮೂರೂ ಮೇಲಿನ ದವಡೆಯಲ್ಲಿ, ಮೂರೂ ಚೂಪು. ಕೆಳಗೆ ಪೂರ್ತಿ ಖಾಲಿ. ಕೂದಲು ತೆಳು, ಹುಬ್ಬು ಕಾಣುವುದೇ ಇಲ್ಲ, ಮೈ ಬೆವರುವುದಿಲ್ಲ. ಕೈಗೂಸಾಗಿದ್ದಾಗ ಬೇಸಿಗೆ ಬಂತೆಂದರೆ ಜ್ವರ, ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ, ಅಂದರೆ ಕೂದಲು, ಹಲ್ಲು, ಬೆವರಿನ ಗ್ರಂಥಿ ಸರಿಯಾಗಿ ಬೆಳೆಯದ ಹುಟ್ಟು ಕಾಯಿಲೆ ಎಂದು ಹೇಳಿದರು.

ಈಗ ಹಲ್ಲಿನ ವಿಷಯ. ಒಬ್ಬ ಹಲ್ಲಿನ ಡಾಕ್ಟರು, ಹದಿನೆಂಟು ವರ್ಷವಾಗಲಿ, ಆಮೇಲೆ ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕೋಣ, ಅಲ್ಲಿಯವರೆಗೆ ಏನೂ ಬೇಡ ಎಂದರು. ಇನ್ನೊಬ್ಬರು ಇರುವ ಮೂರನ್ನೂ ಕಿತ್ತು ಪೂರ್ತಿ ಸೆಟ್ಟು ಮಾಡೋಣ ಎಂದರು. ನಮ್ಮ ಅತ್ತೆ ಇಬ್ಬರ ಮಾತೂ ಬೇಡ ಎನ್ನುತ್ತಾರೆ. ಜೂನ್‌ಗೆ ಒಂದನೇ ತರಗತಿ. ಅಂಗನವಾಡಿಯಲ್ಲೇ ಮಕ್ಕಳು "ಬೊಚ್ಚುಬಾಯಿ ತಾತ" ಎಂದು ಕರೆಯಲು ಶುರು ಮಾಡಿದ್ದಾರೆ. ಇಂಥ ಮಕ್ಕಳಿಗೆ ಸೆಟ್ಟು ಹಾಕಿಸಿದವರು ಯಾರಾದರೂ ಇದ್ದೀರಾ?

ಕಾಫಿ ಕಣ
ಮೊದಲು ಒಂದೇ ಮಾತು. ಇರುವ ಮೂರನ್ನು ಕೀಳಿಸಬೇಡಿ. ಉಳಿದದ್ದನ್ನು ತಿಳಿದವರು ಹೇಳುತ್ತಾರೆ.

ಅರಕಲಗೂಡು ಮೇಷ್ಟ್ರು
ಅಮ್ಮಾ, ನಿಮ್ಮ ಅತ್ತೆಯವರು ಹೇಳುವುದರಲ್ಲಿ ತಪ್ಪೇನಿದೆ? ಐದು ವರ್ಷದ ಮಗುವಿಗೆ ಪ್ಲಾಸ್ಟಿಕ್ ಹಲ್ಲು ಕಟ್ಟುವುದು ಅತಿಯಾಯಿತು. ಮುದ್ದೆ ನುಂಗುವ ಜಿಲ್ಲೆ ನಮ್ಮದು, ಅಗಿದರೆ ಹಿರಿಯರು ಬೈಯುತ್ತಿದ್ದರು. ಸೊಪ್ಪಿನ ಸಾರು, ಮುದ್ದೆ, ಹಿಸುಕಿದ ಬಾಳೆಹಣ್ಣು ತಿಂದು ಮಗು ಗಟ್ಟಿಯಾಗಿ ಬೆಳೆಯುತ್ತದೆ. ಹಲ್ಲು ಬರುವುದು ತಡವಾಗಿರಲೂಬಹುದು. ನನ್ನ ಅಣ್ಣನ ಮಗನಿಗೆ ಒಂದೂವರೆ ವರ್ಷಕ್ಕೆ ಮೊದಲ ಹಲ್ಲು ಬಂತು.

ಯಗಚಿ ತೀರ
ಮೇಷ್ಟ್ರೇ, ಒಂದೂವರೆ ವರ್ಷಕ್ಕೂ ಐದು ವರ್ಷಕ್ಕೂ ವ್ಯತ್ಯಾಸವಿಲ್ಲವೇ? ಮುದ್ದೆ ನುಂಗಬಹುದು, ಸರಿ. ಅಕ್ಕಿರೊಟ್ಟಿ? ಸೀಬೆಹಣ್ಣು? ಗೌರಿ ಹಬ್ಬದಲ್ಲಿ ಎಲ್ಲ ಮಕ್ಕಳೂ ಚಕ್ಕುಲಿ ಕಡಿಯುವಾಗ ಇವನು ಹಾಲಿನಲ್ಲಿ ನೆನೆಸಿ ತಿನ್ನಬೇಕೇ? ಹಲ್ಲು ಇರುವುದು ಊಟಕ್ಕೆ ಮಾತ್ರವೂ ಅಲ್ಲ. "ಸ", "ತ", "ಫ" ಹೇಳಿಸಿ ನೋಡಿ.

ಅರಕಲಗೂಡು ಮೇಷ್ಟ್ರು
ನಾನು ಮಗುವಿನ ಒಳ್ಳೆಯದಕ್ಕೇ ಹೇಳಿದ್ದು. ಸೆಟ್ಟು ಜಾರಿ ಗಂಟಲಿಗೆ ಹೋದರೆ ಯಾರು ಹೊಣೆ?

ಮಕ್ಕಳ ದಂತವೈದ್ಯೆ
ನಾನು ಮಕ್ಕಳ ಹಲ್ಲಿನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪರೀಕ್ಷಿಸದೆ ಚಿಕಿತ್ಸೆ ಹೇಳಲಾಗದು. ಆದರೂ ಈ ಕಾಯಿಲೆಯ ಮಕ್ಕಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನು ಹೇಳಬಹುದು.

ಮೇಷ್ಟ್ರ ಅನುಮಾನದಿಂದಲೇ ಶುರು ಮಾಡುತ್ತೇನೆ, ಅದು ಕೇಳಬೇಕಾದ ಪ್ರಶ್ನೆಯೇ. ಹಲ್ಲು ತಡವಾಗಿದೆಯೋ ಅಥವಾ ಹುಟ್ಟಿಯೇ ಇಲ್ಲವೋ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ ತೆಗೆಸಬೇಕು. ಈ ವಯಸ್ಸಿಗೆ ಶಾಶ್ವತ ಹಲ್ಲುಗಳ ಮೊಳಕೆ ದವಡೆಯೊಳಗೆ ಕಾಣಬೇಕು. ಕಾಣದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಮೂರು ವರ್ಷ ದಾಟಿ ಹೇಳಿದ ಮಾತು ಕೇಳುವ ಮಗುವಿಗೆ ಸೆಟ್ಟು ಮಾಡಬಹುದು. ಜಗತ್ತಿನ ಎಲ್ಲ ಕಡೆ ಮಾಡುತ್ತಾರೆ, ನಮ್ಮಲ್ಲೂ ಮಾಡುತ್ತೇವೆ. ದವಡೆ ಬೆಳೆದಂತೆ ಅದು ಬಿಗಿಯಾಗುತ್ತದೆ. ಆಗಾಗ ಒಳಭಾಗ ಸರಿಮಾಡಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದನ್ನೇ ಮಾಡಬೇಕು. ಮಗುವಿನ ಚಪ್ಪಲಿ ಬದಲಿಸುವುದಿಲ್ಲವೇ, ಹಾಗೆಯೇ. ಇದನ್ನು ಮೊದಲೇ ಹೇಳದೆ ಕಳುಹಿಸಿದರೆ ತಾಯಿತಂದೆ ಒಂದು ವರ್ಷದ ನಂತರ "ಸೆಟ್ಟು ಕೆಟ್ಟಿತು" ಎಂದು ಮೂಲೆಗೆ ಹಾಕುತ್ತಾರೆ.

ಚೂಪಾದ ಮೂರು ಹಲ್ಲುಗಳನ್ನು ಉಳಿಸಿಕೊಳ್ಳಿ. ಹಲ್ಲು ಇರುವ ಕಡೆ ಮೂಳೆ ಉಳಿಯುತ್ತದೆ, ಕಿತ್ತ ಕಡೆ ಸವೆಯುತ್ತದೆ. ಆ ಹಲ್ಲುಗಳಿಗೆ ಹಲ್ಲಿನ ಬಣ್ಣದ ರಾಳವನ್ನು ಅಂಟಿಸಿ ಆಕಾರ ಕೊಡಬಹುದು, ಇಲ್ಲವೇ ಅವುಗಳ ಮೇಲೆಯೇ ಕೂರುವ ಸೆಟ್ಟು ಮಾಡಬಹುದು. ಹಿಡಿತ ಸಿಗುವುದೇ ಅವುಗಳಿಂದ.

ಕೆಳಗಿನ ಸೆಟ್ಟು ಮಾತ್ರ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಹಲ್ಲೇ ಹುಟ್ಟದ ಕಡೆ ಒಸಡಿನ ದಿಂಡು ತೆಳ್ಳಗೆ ಅಂಚಿನಂತಿರುತ್ತದೆ, ಸೆಟ್ಟು ನಿಲ್ಲುವುದಿಲ್ಲ. ಮೊದಲು ಮೇಲಿನದು ಒಗ್ಗಲಿ, ಕೆಳಗಿನದನ್ನು ಆಮೇಲೆ ಮಾಡೋಣ ಎನ್ನುವುದು ನನ್ನ ರೂಢಿ.

ಕಾಫಿ ಕಣ
ಡಾಕ್ಟರೇ, ಹಾಗಾದರೆ ಹದಿನೆಂಟು ಎಂದವರು ಸುಳ್ಳು ಹೇಳಿದರೇ?

ಮಕ್ಕಳ ದಂತವೈದ್ಯೆ
ಇಲ್ಲ, ಅರ್ಧ ಹೇಳಿದರು. ಇಂಪ್ಲಾಂಟ್ ಮೂಳೆಗೆ ಅಂಟಿ ನಿಲ್ಲುತ್ತದೆ, ಸುತ್ತಲಿನ ದವಡೆ ಬೆಳೆದರೂ ಅದು ಜೊತೆಗೆ ಮೇಲೇಳುವುದಿಲ್ಲ. ಬೆಳೆಯುವ ಮಗುವಿಗೆ ಹಾಕಿದರೆ ಕ್ರಮೇಣ ಹೂತುಹೋಗುತ್ತದೆ. ಅದಕ್ಕೇ ಬೆಳವಣಿಗೆ ಮುಗಿಯಲಿ ಎನ್ನುವುದು. ಹಲ್ಲೇ ಇಲ್ಲದ ಮಕ್ಕಳಿಗೆ ಕೆಳದವಡೆಯ ಮುಂಭಾಗದಲ್ಲಿ ಮಾತ್ರ ಬೇಗ ಹಾಕಿದ ಉದಾಹರಣೆಗಳಿವೆ, ಅದು ತಜ್ಞರ ತಂಡ ಕೂತು ನಿರ್ಧರಿಸುವ ಮಾತು. ಆದರೆ ಇಂಪ್ಲಾಂಟಿಗೆ ಕಾಯುವುದು ಬೇರೆ, ಅಷ್ಟು ವರ್ಷ ಬಾಯನ್ನು ಖಾಲಿ ಬಿಡುವುದು ಬೇರೆ.

ಮೂಡಿಗೆರೆ ಮಳೆ
ನನಗೂ ಇದೇ ಕಾಯಿಲೆ. ಈಗ ಮೂವತ್ತು ದಾಟಿದೆ, ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿದೆ. ಅಕ್ಕಾ, ನಿಮಗೆ ಧೈರ್ಯ ಬರಲಿ ಎಂದು ಬರೆಯುತ್ತಿದ್ದೇನೆ.

ಎರಡನೇ ತರಗತಿಯಲ್ಲಿ ಮೊದಲ ಸೆಟ್ಟು ಹಾಕಿಸಿದರು. ಮೊದಲ ವಾರ ಬಾಯಿ ತುಂಬ ಜೊಲ್ಲು, ಮಾತು ತೊದಲು, ವಾಂತಿ ಬರುವಂತಾಗುತ್ತಿತ್ತು. ಅಮ್ಮ ಬೈಯಲಿಲ್ಲ, ಊಟಕ್ಕೂ ಹಾಕಿಸಲಿಲ್ಲ. ಕಾರ್ಟೂನ್ ನೋಡುವಾಗ ಹಾಕಿಕೋ ಎಂದಳು. ಆಮೇಲೆ ಪಾಠ ಓದುವಾಗ, ಕೊನೆಗೆ ಊಟಕ್ಕೆ. ಆ ಕ್ರಮ ನನಗೆ ಹೊಂದಿತು. ರಾತ್ರಿ ತೆಗೆದು ನೀರಿನಲ್ಲಿ ಹಾಕಬೇಕು, ಒಸಡನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

ಕಬಡ್ಡಿ ಆಡುವಾಗ ಒಡೆದುಕೊಂಡದ್ದೂ ಇದೆ. ಕೆಳಗಿನ ಸೆಟ್ಟು ಎಷ್ಟು ಸಲ ಮಾಡಿಸಿದರೂ ಜೇಬಿನಲ್ಲೇ ಇರುತ್ತಿತ್ತು, ಡಾಕ್ಟರ್ ಹೇಳಿದ್ದು ನಿಜ. ದೊಡ್ಡವನಾದ ಮೇಲೆ ಕೆಳಗೆ ಮುಂದೆ ಎರಡು ಇಂಪ್ಲಾಂಟ್ ಹಾಕಿಸಿದೆ, ಅವುಗಳ ಮೇಲೆ ಅಂಗಿಯ ಗುಂಡಿಯಂತೆ ಕೂರುವ ಸೆಟ್ಟು. ಈಗ ಸುಟ್ಟ ಜೋಳ ತಿನ್ನುತ್ತೇನೆ.

ಇನ್ನೊಂದು ಮಾತು. ಶಾಲೆಯಲ್ಲಿ ಹಲ್ಲಿಗಿಂತ ಬಿಸಿಲು ದೊಡ್ಡ ಸಮಸ್ಯೆ. ಬೆವರದ ಮೈ ತಣ್ಣಗಾಗುವುದಿಲ್ಲ. ಮಧ್ಯಾಹ್ನದ ಡ್ರಿಲ್‌ನಿಂದ ವಿನಾಯಿತಿ, ಫ್ಯಾನಿನ ಕೆಳಗೆ ಜಾಗ, ಒದ್ದೆ ಬನಿಯನ್, ಕೈಗೆಟುಕುವ ನೀರು. ಇವನ್ನು ಡಾಕ್ಟರ ಚೀಟಿಯಲ್ಲಿ ಬರೆಸಿ ಹೆಡ್ ಮೇಷ್ಟ್ರ ಕೈಗೆ ಕೊಡಿ. ಬಾಯಿಮಾತು ಜುಲೈಗೆ ಮರೆತುಹೋಗುತ್ತದೆ.

ಸಕಲೇಶಪುರದ ಅಮ್ಮ
ತಮ್ಮಾ, ಇದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಅತ್ತೆ ಕೇಳಿದ ಮೊದಲ ಪ್ರಶ್ನೆ "ಮದುವೆಯಾಗಿದೆಯಂತಾ?" ನಂತರ ಸುಮ್ಮನಾದರು.

ಹೇಮಾವತಿ ನಾಲೆ
ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೇಸರ ಬೇಡ. ಇವೆಲ್ಲ ಸೋದರಿಕೆ ಮದುವೆಯ ಫಲ. ಅಕ್ಕನ ಮಗಳು, ಮಾವನ ಮಗಳು ಎಂದು ಮನೆಯೊಳಗೇ ಮದುವೆ ಮಾಡಿಕೊಂಡರೆ ಇನ್ನೇನಾಗುತ್ತದೆ?

ಸಕಲೇಶಪುರದ ಅಮ್ಮ
ನನಗೂ ನನ್ನ ಗಂಡನಿಗೂ ಮದುವೆಗೆ ಮೊದಲು ಯಾವ ಸಂಬಂಧವೂ ಇರಲಿಲ್ಲ. ಅವರ ಊರು ಕೊಣನೂರು, ನಮ್ಮದು ಕಳಸ.

ಮಕ್ಕಳ ದಂತವೈದ್ಯೆ
ನಾಲೆಯವರೇ, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ತಂದೆತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಕಾಣುವ ಕಾಯಿಲೆಗಳಿವೆ. ಅಂಗೈ ಅಂಗಾಲು ದಪ್ಪವಾಗಿ, ಒಸಡು ಕೀವುಗಟ್ಟಿ, ಹಾಲುಹಲ್ಲು ನಾಲ್ಕೈದು ವರ್ಷಕ್ಕೇ ಉದುರುವ ಪ್ಯಾಪಿಲಾನ್ ಲೆಫೆವ್ರ್ ಕಾಯಿಲೆ ಅಂಥದ್ದು. ಅಲ್ಲಿ ರಕ್ತಸಂಬಂಧದ ಮದುವೆಯಿಂದ ಅಪಾಯ ಹೆಚ್ಚುವುದು ನಿಜ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾದ ಅತಿ ಸಾಮಾನ್ಯ ಬಗೆ ಹಾಗಲ್ಲ. ದೋಷ ಇರುವುದು ಎಕ್ಸ್ ವರ್ಣತಂತುವಿನ ಮೇಲಿರುವ ಇ.ಡಿ.ಎ. ಎಂಬ ಜೀನಿನಲ್ಲಿ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ಅರ್ಧ ಸಾಧ್ಯತೆ, ಗಂಡ ಯಾರೇ ಆಗಿರಲಿ. ಕೆಲವೊಮ್ಮೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟು.

ಮತ್ತೆ ಇದು "ತಾಯಿಯ ತಪ್ಪು" ಎಂದು ಯಾರೂ ಶುರು ಮಾಡಬೇಡಿ. ದಿನವೂ ಅದನ್ನು ಕೇಳಿ ಅಳುವ ಹೆಣ್ಣುಮಕ್ಕಳನ್ನು ನೋಡುತ್ತೇನೆ.

ಅರಕಲಗೂಡು ಮೇಷ್ಟ್ರು
ನಾನು ಪಾಠ ಹೇಳಿದ್ದು ಜೀವಶಾಸ್ತ್ರ, ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಡಾರ್ವಿನ್ 1875ರಲ್ಲೇ ಸಿಂಧ್‌ನ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದಾನೆ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹಲ್ಲು ತೀರಾ ಕಡಿಮೆ, ಮೈಮೇಲೆ ಕೂದಲೂ ತೀರಾ ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬರುತ್ತದೆ, ಗಂಡಸರಿಂದ ಅವರ ಗಂಡುಮಕ್ಕಳಿಗೆ ಹೋಗುವುದಿಲ್ಲ ಎಂಬುದನ್ನೂ ಗುರುತಿಸಿದ್ದಾನೆ. ಆಗ ಜೀನ್ ಎಂಬ ಹೆಸರೇ ಹುಟ್ಟಿರಲಿಲ್ಲ. ನಾಲೆಯವರು ಇದನ್ನು ಗಮನಿಸಬೇಕು.

ಯಗಚಿ ತೀರ
ಮೇಷ್ಟ್ರು ಪಕ್ಷ ಬದಲಿಸಿದರು!

ಅರಕಲಗೂಡು ಮೇಷ್ಟ್ರು
ಮುದ್ದೆಯ ವಿಷಯದಲ್ಲಿ ಬದಲಿಸಿಲ್ಲ.

ಮಕ್ಕಳ ದಂತವೈದ್ಯೆ
ಡಾರ್ವಿನ್ ನೋಡದ ಒಂದು ಅಂಶ. ವಾಹಕ ಹೆಣ್ಣುಮಕ್ಕಳಲ್ಲೂ ಸಣ್ಣ ಗುರುತು ಇರಬಹುದು. ಒಂದೆರಡು ಹಲ್ಲು ಹುಟ್ಟದಿರುವುದು, ಮುಂದಿನ ಪಕ್ಕದ ಹಲ್ಲು ಕಡ್ಡಿಯಂತಿರುವುದು, ಅಲ್ಲಲ್ಲಿ ಬೆವರದಿರುವುದು. ಸಕಲೇಶಪುರದ ಅಮ್ಮ, ನಿಮ್ಮ ಬಾಯನ್ನೂ ಒಮ್ಮೆ ತೋರಿಸಿ. ನಿಮಗೆ ಮಗಳಿದ್ದರೆ ಅವಳನ್ನೂ.

ಕಡೂರು ತೆಂಗು
ನಮ್ಮ ಹುಡುಗಿಯ ಹಲ್ಲು ಕಂದು, ಬಳಪದಂತೆ ಉದುರುತ್ತದೆ. ಎಲ್ಲರೂ ಬೋರ್‌ವೆಲ್ ನೀರಿನ ಫ್ಲೋರೈಡ್ ಎನ್ನುತ್ತಾರೆ. ಕಡೂರು, ಅರಸೀಕೆರೆ ಕಡೆ ಅದು ಹೊಸತೂ ಅಲ್ಲ. ಆದರೆ ಇವಳ ಹಾಲುಹಲ್ಲೂ ಹೀಗೆಯೇ ಇತ್ತು. ಇದೂ ಜೀನಿನದ್ದಿರಬಹುದೇ?

ಮಕ್ಕಳ ದಂತವೈದ್ಯೆ
ಖಂಡಿತ ತೋರಿಸಿ. ಫ್ಲೋರೈಡ್ ಹೆಚ್ಚಾದರೆ ಅದೇ ನೀರು ಕುಡಿದ ಓಣಿಯ ಮಕ್ಕಳಿಗೆಲ್ಲ ಕಾಣುತ್ತದೆ, ಹೆಚ್ಚಾಗಿ ಶಾಶ್ವತ ಹಲ್ಲಿನಲ್ಲಿ. ಒಬ್ಬಳಿಗೇ ಆಗಿದ್ದರೆ, ಹಾಲುಹಲ್ಲೂ ಕೆಟ್ಟಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೆ ಹಾಗಿದ್ದರೆ, ಹಲ್ಲಿನ ಹೊರಪದರವಾದ ಎನಾಮಲ್ ಸರಿಯಾಗಿ ರೂಪುಗೊಳ್ಳದ ವಂಶವಾಹಿ ಕಾಯಿಲೆಯೇ ಎಂದು ನೋಡಬೇಕು. ನೀರನ್ನೂ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಹೇಮಾವತಿ ನಾಲೆ
ಅದಕ್ಕೇ ನಾವು ಫ್ಲೋರೈಡ್ ಪೇಸ್ಟನ್ನೇ ಬಿಟ್ಟಿದ್ದೇವೆ. ಇದ್ದಿಲು, ಉಪ್ಪು ಸಾಕು.

ಮಕ್ಕಳ ದಂತವೈದ್ಯೆ
ಇದ್ದಿಲು ಎನಾಮಲನ್ನು ಉಜ್ಜಿ ತೆಗೆಯುತ್ತದೆ. ಮೊದಲೇ ಎನಾಮಲ್ ತೆಳುವಿರುವ ಮಗುವಿಗೆ ದಯವಿಟ್ಟು ಬೇಡ. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಉಗುಳಿಸಬೇಕು. ಜೊಲ್ಲು ಕಡಿಮೆ ಇರುವ ಎಕ್ಟೋಡರ್ಮಲ್ ಮಕ್ಕಳಿಗೆ ಅದು ಇನ್ನೂ ಮುಖ್ಯ, ಒಣಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಇರುವುದೇ ಮೂರು ಹಲ್ಲು, ಅವೂ ಹುಳುಕಾದರೆ?

ತರೀಕೆರೆ ಅಪ್ಪ
ನನ್ನ ಮಗಳಿಗೆ ಮೂಳೆ ಮುರಿಯುವ ಕಾಯಿಲೆ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಹಲ್ಲು ಬೂದಿ ನೀಲಿ ಬಣ್ಣ, ಮುಂದಿನವು ಒಸಡಿನವರೆಗೆ ಸವೆದಿದ್ದವು. ಹಲ್ಲು ಉಜ್ಜಿಸುವುದಿಲ್ಲವೇ ಎಂದು ಒಂದು ಕ್ಲಿನಿಕ್ಕಿನಲ್ಲಿ ನನ್ನ ಹೆಂಡತಿಯನ್ನು ಎಲ್ಲರ ಮುಂದೆ ಬೈದರು. ಮೂಳೆಯಲ್ಲಿರುವ ಕೊಲಾಜೆನ್ನೇ ಹಲ್ಲಿನ ಒಳಪದರದಲ್ಲೂ ಇರುವುದರಿಂದ ಹೀಗಾಗುತ್ತದೆ ಎಂದು ನಮಗೆ ತಿಳಿಸಿದವರು ಮೂಳೆಯ ಡಾಕ್ಟರು! ಈಗ ಹಿಂದಿನ ಹಲ್ಲುಗಳಿಗೆ ಸ್ಟೀಲ್ ಕ್ಯಾಪ್ ಹಾಕಿಸಿದ್ದೇವೆ.

ಇಂಥ ಮಕ್ಕಳ ಪೋಷಕರು ಎರಡು ವಿಷಯ ನೆನಪಿಡಿ. ಮಗು ಅತ್ತರೆ ಕೈಕಾಲು ಅದುಮಿ ಹಿಡಿಯಲು ಬಿಡಬೇಡಿ, ಮೂಳೆ ಮುರಿದೀತು. ಮೂಳೆ ಗಟ್ಟಿಯಾಗಲು ಪಾಮಿಡ್ರೋನೇಟ್ ಅಥವಾ ಜೊಲೆಡ್ರೋನೇಟ್ ಕೊಡುತ್ತಿದ್ದರೆ ಹಲ್ಲು ಕೀಳುವ ಮೊದಲೇ ಹಲ್ಲಿನ ಡಾಕ್ಟರಿಗೆ ಹೇಳಿ.

ಬಾಳೆಹೊನ್ನೂರು ಅಮ್ಮ
ನಮ್ಮದು ಹಿಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಹಾಲುಹಲ್ಲು ಅಲುಗಾಡಲು ಶುರುವಾದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ರಾತ್ರಿ ಬಿದ್ದು ಬೆಳಿಗ್ಗೆ ದಿಂಬೆಲ್ಲ ರಕ್ತವಾದದ್ದಿದೆ. ನಾವು ಕಲಿತದ್ದು: ಕೀಳಿಸಬೇಕಾದರೆ ಮೊದಲು ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಚುಚ್ಚುಮದ್ದು. ಕೆಳದವಡೆಯ ಆಳಕ್ಕೆ ಕೊಡುವ ಮರಗಟ್ಟಿಸುವ ಚುಚ್ಚುಮದ್ದೂ ಫ್ಯಾಕ್ಟರ್ ಇಲ್ಲದೆ ಬೇಡ, ಒಳಗೇ ರಕ್ತ ತುಂಬಿ ಉಸಿರಿಗೆ ಅಡ್ಡ ಬರಬಹುದು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಕಚ್ಚಿಸುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್, ಆಸ್ಪಿರಿನ್ ಮುಟ್ಟಿಸುವ ಹಾಗಿಲ್ಲ. ಫ್ಯಾಕ್ಟರ್ ಇದೆಯೇ ಎಂದು ಜಿಲ್ಲಾಸ್ಪತ್ರೆಗೆ ಫೋನ್ ಮಾಡಿಯೇ ಬಸ್ ಹತ್ತುತ್ತೇವೆ. ಹಲ್ಲು ಹುಳುಕಾಗದಂತೆ ನೋಡಿಕೊಳ್ಳುವುದಕ್ಕಿಂತ ಅಗ್ಗದ ಔಷಧಿ ನಮ್ಮ ಮಕ್ಕಳಿಗೆ ಇಲ್ಲ.

ಚನ್ನರಾಯಪಟ್ಟಣ ಗುಮಾಸ್ತ
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತ ಸೆಟ್ಟು ಕೊಡುತ್ತಾರಲ್ಲ?

ಆಶಾ, ಆಲೂರು
ಸಾರ್, ದಂತಭಾಗ್ಯ ಹಲ್ಲು ಕಳೆದುಕೊಂಡ ಹಿರಿಯ ಬಿಪಿಎಲ್ ಜನರಿಗಾಗಿ ಮಾಡಿದ್ದು. ಹುಟ್ಟುವಾಗಲೇ ಹಲ್ಲಿಲ್ಲದ ಮಗುವಿನ ಬಗ್ಗೆ ಯೋಜನೆ ಬರೆದವರು ಯೋಚಿಸಿರಲಿಕ್ಕಿಲ್ಲ. ಮಕ್ಕಳಿಗೆ ದಾರಿ ಬೇರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಆ ತಂಡ ಚೀಟಿ ಬರೆದುಕೊಟ್ಟರೆ ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬಹುದು. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಾಚಿಕೆಯಿಂದ ಅಡಗಿಸುವವರೇ ಹೆಚ್ಚು.

ಚನ್ನರಾಯಪಟ್ಟಣ ಗುಮಾಸ್ತ
ಅಪರೂಪದ ಕಾಯಿಲೆಗೆ ಕೇಂದ್ರ ಸರ್ಕಾರ 50 ಲಕ್ಷ ಕೊಡುತ್ತದೆ ಎಂದು ಓದಿದ್ದೆ.

ಮಕ್ಕಳ ದಂತವೈದ್ಯೆ
2021ರ ರಾಷ್ಟ್ರೀಯ ನೀತಿ ಅದು. ಪಟ್ಟಿಯಲ್ಲಿ ಹೆಸರಿರುವ ಕಾಯಿಲೆಗಳಿಗೆ, ಗುರುತಿಸಿದ ಕೇಂದ್ರಗಳ ಮೂಲಕ ಮಾತ್ರ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹಲ್ಲಿನ ಸೆಟ್ಟಿಗೆ ಆ ಹಣ ಎಂದು ನಂಬಿಕೊಂಡು ಕೂರಬೇಡಿ. ಜೀನ್ ಪರೀಕ್ಷೆ, ಮುಂದಿನ ಮಗುವಿನ ಬಗ್ಗೆ ಸಲಹೆ, ಇವಕ್ಕೆ ಅಲ್ಲಿಗೆ ಹೋಗಿ. ಸೆಟ್ಟಿಗೆ ಅಷ್ಟು ದೂರ ಅಲೆಯಬೇಕಿಲ್ಲ. ಹಾಸನದ ವಿದ್ಯಾನಗರದಲ್ಲೇ ದಂತ ಕಾಲೇಜಿದೆ. ದಂತ ಕಾಲೇಜು ಎಂದ ಮೇಲೆ ಮಕ್ಕಳ ವಿಭಾಗ, ಸೆಟ್ಟು ಮಾಡುವ ವಿಭಾಗ ಎರಡೂ ಇರುತ್ತವೆ. ಈ ಮಗುವಿಗೆ ಇಬ್ಬರೂ ಬೇಕು.

ಮುಳ್ಳಯ್ಯನಗಿರಿ
ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಹಾಸನಕ್ಕೆ ಹೋಗಬೇಡಿ. ಬಸ್ ನಿಲ್ದಾಣದಿಂದ ಹೊರಗೆ ಬರುವುದೇ ಒಂದು ಸಾಹಸ.

ಯಗಚಿ ತೀರ
ಹಾಸನಾಂಬೆಗೆ ಹೋಗುವವರು ಹೇಗೂ ಸಾಲಿನಲ್ಲಿ ನಿಲ್ಲುತ್ತಾರೆ, ದಂತ ಕಾಲೇಜಿಗೆ ಹೋಗುವವರೂ ನಿಲ್ಲಲಿ ಬಿಡಿ.

ಹೇಮಾವತಿ ನಾಲೆ
ಇಷ್ಟೆಲ್ಲ ಏಕೆ? ನಮ್ಮೂರ ಸಂತೆಯ ಬಳಿ ಒಬ್ಬರು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುತ್ತಾರೆ. ಬೀಳುವುದೇ ಇಲ್ಲ.

ಮಕ್ಕಳ ದಂತವೈದ್ಯೆ
ಬೀಳುವುದಿಲ್ಲ, ಏಕೆಂದರೆ ಪಕ್ಕದ ಹಲ್ಲಿಗೆ ಅಂಟಿಸಿಬಿಡುತ್ತಾರೆ. ತೆಗೆದು ತೊಳೆಯಲಾಗದು, ಅಡಿಯಲ್ಲಿ ಒಸಡು ಕೊಳೆಯುತ್ತದೆ, ಆಧಾರಕ್ಕಿದ್ದ ಹಲ್ಲೂ ಹೋಗುತ್ತದೆ. ಬೆಳೆಯುವ ದವಡೆಗೆ ಅದನ್ನು ಹಾಕಿಸಬೇಡಿ.

ಕಾಫಿ ಕಣ
ಜರ್ಮನಿಯಲ್ಲಿ ಈ ಕಾಯಿಲೆಗೆ ಇಂಜೆಕ್ಷನ್ ಕಂಡುಹಿಡಿದಿದ್ದಾರೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ನಿಜವೇ?

ಮಕ್ಕಳ ದಂತವೈದ್ಯೆ
ಅರ್ಧ ನಿಜ. ಎರ್ಲಾಂಗೆನ್‌ನ ವೈದ್ಯರು ಗರ್ಭದಲ್ಲಿದ್ದ ಮೂರು ಗಂಡುಮಕ್ಕಳಿಗೆ, ಅವರಲ್ಲಿ ಇಬ್ಬರು ಅವಳಿ, ಕೊರತೆಯಿದ್ದ ಪ್ರೋಟೀನನ್ನು ಗರ್ಭಜಲದೊಳಗೆ ಕೊಟ್ಟರು. ಹುಟ್ಟಿದ ಮೇಲೆ ಅವರು ಬೆವರಿದರು. 2018ರಲ್ಲಿ ಪ್ರಕಟವಾಯಿತು, ಮುಂದಿನ ಪ್ರಯೋಗಗಳಾಗುತ್ತಿವೆ. ಆದರೆ ಅದು ಹುಟ್ಟುವ ಮೊದಲು ಮಾತ್ರ. ಹುಟ್ಟಿದ ಮಗುವಿಗೆ ಹಲ್ಲು ಮೊಳೆಯಿಸುವ ಇಂಜೆಕ್ಷನ್ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಸಕಲೇಶಪುರದ ಅಮ್ಮ
ಎಲ್ಲರಿಗೂ ವಂದನೆ. ಮುಂದಿನ ವಾರ ಕಾಲೇಜಿಗೆ ಹೊರಟಿದ್ದೇವೆ. ಅತ್ತೆಯೂ ಬರುತ್ತಾರಂತೆ, ಡಾಕ್ಟರನ್ನು ತಾವೇ ವಿಚಾರಿಸಬೇಕಂತೆ. ಜೊತೆಗೆ ಏನೇನು ಒಯ್ಯಬೇಕು?

ಮಕ್ಕಳ ದಂತವೈದ್ಯೆ
ಬೆಂಗಳೂರಿನಲ್ಲಿ ಕೊಟ್ಟ ವರದಿ, ಹಳೆಯ ಎಕ್ಸ್‌ರೇ ಇದ್ದರೆ ಅದು, ಮಗು ಇಷ್ಟಪಡುವ ಒಂದು ಆಟಿಕೆ. ಬೆಳಗಿನ ಹೊತ್ತೇ ಹೋಗಿ, ಬಿಸಿಲು ಏರುವ ಮೊದಲು. ಮೊದಲ ದಿನ ಕುರ್ಚಿ ಹತ್ತಿಸಿ ಇಳಿಸಿ ಕಳುಹಿಸಿದರೆ ಬೇಸರ ಮಾಡಿಕೊಳ್ಳಬೇಡಿ, ಅದೂ ಚಿಕಿತ್ಸೆಯೇ. ಅಚ್ಚು ತೆಗೆಯುವಾಗ ಬಾಯಿಗೆ ತಟ್ಟೆ ಇಡುತ್ತಾರೆ, ಮನೆಯಲ್ಲಿ ಚಮಚ ಇಟ್ಟುಕೊಂಡು ಆಟದಂತೆ ಅಭ್ಯಾಸ ಮಾಡಿಸಿ.

ಅರಕಲಗೂಡು ಮೇಷ್ಟ್ರು
ನುಂಗುವ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಮಕ್ಕಳ ದಂತವೈದ್ಯೆ
ಪೂರ್ತಿ ಸೆಟ್ಟು ಸಾಮಾನ್ಯವಾಗಿ ಗಂಟಲಿಗೆ ಇಳಿಯುವಷ್ಟು ಚಿಕ್ಕದಲ್ಲ, ಮೇಷ್ಟ್ರೇ. ಒಡೆದ ತುಂಡಿನ ಅಪಾಯ ಇದೆ. ಬಿರುಕು ಕಂಡರೆ ಹಾಕಿಸಬಾರದು, ಮನೆಯಲ್ಲಿ ಫೆವಿಕ್ವಿಕ್ ಹಚ್ಚಲೂಬಾರದು. ಮಲಗುವಾಗ ತೆಗೆಯಲೇಬೇಕು.

ಮೂಡಿಗೆರೆ ಮಳೆ
ಅಕ್ಕಾ, ಮುಚ್ಚಳವಿರುವ ಡಬ್ಬಿಯೊಂದನ್ನು ಶಾಲೆಯ ಚೀಲದಲ್ಲಿ ಇಡಿ, ಮೇಲೆ ಹೆಸರು ಬರೆಯಿರಿ. ಊಟದ ಹೊತ್ತಿಗೆ ತೆಗೆದು ಕಾಗದದಲ್ಲಿ ಸುತ್ತಿಟ್ಟರೆ ತಟ್ಟೆಯ ಜೊತೆ ಕಸಕ್ಕೆ ಹೋಗುತ್ತದೆ. ನನ್ನದು ಹಾಗೆ ಹೋಗಿ ಅಪ್ಪ ಶಾಲೆಯ ತಿಪ್ಪೆ ಕೆದಕಿದ್ದರು.

ಮುಳ್ಳಯ್ಯನಗಿರಿ
ಸಿಕ್ಕಿತೇ?

ಮೂಡಿಗೆರೆ ಮಳೆ
ಸಿಕ್ಕಿತು. ಬಿಸಿನೀರಿನಲ್ಲಿ ಕುದಿಸಿ ಅಮ್ಮ ಅದರ ಆಕಾರವನ್ನೇ ಕೆಡಿಸಿದಳು. ತಣ್ಣೀರಿನಲ್ಲೇ ತೊಳೆಯಿರಿ.